ದೀಪ ಅದೇ, ಬಲ್ಬು ಬೇರೆ



ಮೈಸೂರಿನವರಿಗೆ ದೀಪದ ಬೆಳಕು ಹೊಸದಲ್ಲ. ದಸರಾ ಬಂದರೆ ಸಾಕು, ಅರಮನೆ ಬಂಗಾರದ ಹಾಗೆ ಹೊಳೆಯುತ್ತದೆ. ಅಲ್ಲಿ ಸುಮಾರು 1 ಲಕ್ಷ ಬಲ್ಬುಗಳಿವೆ. ಊರಿನ ಬೀದಿಗಳಲ್ಲೂ ದೀಪದ ತೋರಣ ಕಟ್ಟುತ್ತಾರೆ. ಮಕ್ಕಳನ್ನು ಕರೆದುಕೊಂಡು ನಾವೆಲ್ಲ ನೋಡಲು ಹೋಗುತ್ತೇವೆ.

ಈ ವಿದ್ಯುತ್ತು ನಮ್ಮ ಊರಿಗೆ ಯಾವಾಗ ಬಂತು, ಗೊತ್ತೆ? ಕಾವೇರಿ ನದಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ 1902ರಲ್ಲಿ ವಿದ್ಯುತ್ ತಯಾರಿಕೆ ಶುರುವಾಯಿತು. ಮೊದಲು ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ಬಂತು. 1908ರಲ್ಲಿ ಮೈಸೂರಿಗೆ ಬಂತು.

ಈಗ ಮನೆ ಮನೆಯಲ್ಲೂ ಕರೆಂಟು ಇದೆ. ಅಲಂಕಾರದ ದೀಪಗಳೂ ಇವೆ. ದೇವರ ಕೋಣೆಯಲ್ಲಿ ಮಿಣುಕುವ ಬಲ್ಬು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮೆಟ್ಟಿಲಿಗೆ ಸೀರಿಯಲ್ ಸೆಟ್ಟು. ದೀಪಾವಳಿಗೆ ಬಾಗಿಲಲ್ಲಿ ಆಕಾಶಬುಟ್ಟಿ. ಕ್ರಿಸ್‌ಮಸ್‌ಗೆ ಕಾಗದದ ನಕ್ಷತ್ರ, ಕಿಟಕಿಯಲ್ಲಿ ಮೇಣದಬತ್ತಿ ಆಕಾರದ ದೀಪ.

ಈ ದೀಪಗಳಲ್ಲಿ ಹಳೇ ಬಲ್ಬು ಇದ್ದರೆ ಎರಡು ತೊಂದರೆ. ಒಂದು, ಕರೆಂಟು ಹೆಚ್ಚು ಸುಡುತ್ತದೆ. ಇನ್ನೊಂದು, ಬಲ್ಬು ಕಾದು ಬೆಂಕಿ ಹತ್ತುವ ಭಯ. ದೀಪ ಬಿಸಾಡಬೇಕಾಗಿಲ್ಲ. ಬಲ್ಬು ಬದಲಿಸಿದರೆ ಸಾಕು. ಅದನ್ನು ನಾವೇ ಮಾಡಬಹುದು. ಆದರೆ ಮೊದಲು ಬಲ್ಬಿನ ಮೇಲೆ ಬರೆದಿರುವುದನ್ನು ಓದಬೇಕು. ಓದಲು ನಮಗೆ ಈಗ ಬರುತ್ತದಲ್ಲ!

ಅತ್ತೆ ಸೊಸೆಯ ಮಾತು

ಇಟ್ಟಿಗೆಗೂಡಿನಲ್ಲಿ ಒಂದು ಮನೆ. ಅತ್ತೆ ಈಚೆಗೆ ಓದು ಬರಹ ಕಲಿತಿದ್ದಾರೆ. ನವರಾತ್ರಿ ಹತ್ತಿರ ಬಂತು. ಅತ್ತೆ ಗೊಂಬೆ ಪೆಟ್ಟಿಗೆ ಇಳಿಸುತ್ತಿದ್ದಾರೆ. ಸೊಸೆ ದೇವರ ಕೋಣೆ ಒರೆಸುತ್ತಿದ್ದಾಳೆ.

ಸೊಸೆ: ಅತ್ತೆ, ಈ ಬಲ್ಬು ಮುಟ್ಟಕ್ಕೇ ಆಗಲ್ಲ. ಕೈ ಚುರ್ ಅಂತು.

ಅತ್ತೆ: ರಾತ್ರಿಯೆಲ್ಲ ಉರಿದಿದೆಯಲ್ಲ, ಕಾದಿರುತ್ತೆ ಕಣಮ್ಮ. ಪಟದ ಹಾರ ಅದಕ್ಕೆ ತಾಕ್ತಾ ಇದೆ, ಮೊದಲು ಸರಿಸು.

ಸೊಸೆ: ಇದು ಜೀರೋ ಬಲ್ಬು ಅಲ್ವಾ ಅತ್ತೆ? ಜೀರೋ ಅಂದ್ರೆ ಸೊನ್ನೆ. ಕರೆಂಟೇ ತಗೊಳ್ಳಲ್ಲ ಅಂತಾರೆ.

ಅತ್ತೆ: ನಾನೂ ಹಾಗೇ ಅಂದ್ಕೊಂಡಿದ್ದೆ. ಕರೆಂಟು ತಗೊಳ್ಳದೆ ಇಷ್ಟು ಬಿಸಿ ಎಲ್ಲಿಂದ ಬರುತ್ತೆ ಹೇಳು. ಆರಿಸು. ತಣ್ಣಗಾಗಲಿ. ಮೇಲೆ ಏನು ಬರೆದಿದೆ ಓದೋಣ.

ಸೊಸೆ: ನಂಗೆ ಕರೆಂಟು ಅಂದ್ರೆ ಭಯ ಅತ್ತೆ. ಅವರು ಬಂದ ಮೇಲೆ ಮಾಡ್ತಾರೆ ಬಿಡಿ.

ಅತ್ತೆ: ಭಯ ಇರಬೇಕು, ಒಳ್ಳೇದೇ. ಆದ್ರೆ ಗೊತ್ತಿಲ್ಲದೆ ಹೆದರೋದು ಬೇರೆ, ಗೊತ್ತಿದ್ದು ಎಚ್ಚರವಾಗಿರೋದು ಬೇರೆ. ದಿನಾ ಸ್ವಿಚ್ ಹಾಕೋಳು ನೀನು, ಒರೆಸೋಳು ನೀನು. ನಿನಗೇ ಗೊತ್ತಿರಬೇಕು ತಾನೆ?

ಅತ್ತೆ ಹೇಳಿದ್ದು ಸರಿ. ಜೀರೋ ಬಲ್ಬು ಸೊನ್ನೆ ಅಲ್ಲ. ಹಳೇ ಜೀರೋ ಬಲ್ಬು ಸುಮಾರು 15 ವ್ಯಾಟ್ ಕರೆಂಟು ತಿನ್ನುತ್ತದೆ. ನಮ್ಮ ಕಡೆ ಬಲ್ಬನ್ನು ಕ್ಯಾಂಡಲ್ ಲೆಕ್ಕದಲ್ಲಿ ಹೇಳುವ ರೂಢಿ ಇದೆ. ಜೀರೋ ಕ್ಯಾಂಡಲ್, 40 ಕ್ಯಾಂಡಲ್, 60 ಕ್ಯಾಂಡಲ್ ಅನ್ನುತ್ತೇವೆ. ಹಿಂದೆ ಬೆಳಕನ್ನು ಮೇಣದಬತ್ತಿಗೆ ಹೋಲಿಸಿ ಅಳೆಯುತ್ತಿದ್ದರು. ಆ ಮಾತು ಹಾಗೇ ಉಳಿದಿದೆ. ನಾವು ನೋಡಬೇಕಾದ್ದು ಕ್ಯಾಂಡಲ್ ಅಲ್ಲ, ವ್ಯಾಟ್.

ಹಳೇ ಬಲ್ಬು ಯಾಕೆ ಬಿಸಿ?

ಹಳೇ ಬಲ್ಬಿನ ಒಳಗೆ ಕೂದಲಿನಂಥ ತಂತಿ ಇದೆ. ಕರೆಂಟು ಹರಿದಾಗ ತಂತಿ ಕೆಂಡದ ಹಾಗೆ ಕಾಯುತ್ತದೆ. ಕಾದು ಬೆಳಕು ಕೊಡುತ್ತದೆ. 100 ಪಾಲು ಕರೆಂಟಿನಲ್ಲಿ 90ಕ್ಕೂ ಹೆಚ್ಚು ಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಬೆಳಕಾಗುವುದು ಸ್ವಲ್ಪ ಮಾತ್ರ. ಅಕ್ಕಿಯಲ್ಲಿ ನುಚ್ಚೇ ಹೆಚ್ಚು ಬಂದ ಹಾಗೆ.

ಎಲ್.ಇ.ಡಿ. ಬಲ್ಬಿನಲ್ಲಿ ಕಾಯುವ ತಂತಿ ಇಲ್ಲ. ಸಾಸಿವೆಯಷ್ಟು ಚಿಕ್ಕ ಬಿಲ್ಲೆ ಇದೆ. ಕರೆಂಟು ಹರಿದರೆ ಬಿಲ್ಲೆಯೇ ಬೆಳಗುತ್ತದೆ. ಕೆಂಪು, ಹಸಿರು ಬೆಳಕಿನ ಬಿಲ್ಲೆ ಮೊದಲೇ ಇತ್ತು. ನೀಲಿ ಬೆಳಕಿನ ಒಳ್ಳೆಯ ಬಿಲ್ಲೆ ಬಂದ ಮೇಲೆ ಮನೆಗೆ ಬೇಕಾದ ಬಿಳಿ ಬೆಳಕು ಸಿಕ್ಕಿತು. ನೀಲಿ ಬಿಲ್ಲೆ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಮೂವರೂ ಜಪಾನಿನಲ್ಲಿ ಹುಟ್ಟಿದವರು.

2015ರಲ್ಲಿ ಸರ್ಕಾರ ಕಡಿಮೆ ಬೆಲೆಗೆ ಎಲ್.ಇ.ಡಿ. ಬಲ್ಬು ಕೊಡಲು ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಆ ಯೋಜನೆಗೆ 'ಹೊಸ ಬೆಳಕು' ಎಂದು ಹೆಸರು. ಹೀಗೆ ನಡುಮನೆಗೆ, ಅಡುಗೆಮನೆಗೆ ಎಲ್.ಇ.ಡಿ. ಬಂತು. ಆದರೆ ದೇವರ ಕೋಣೆಯ ಪುಟ್ಟ ಬಲ್ಬು, ಅಟ್ಟದ ಮೇಲಿನ ಹಳೇ ಸೀರಿಯಲ್ ಸೆಟ್ಟು ಹಲವು ಮನೆಗಳಲ್ಲಿ ಹಾಗೇ ಉಳಿದಿವೆ.

ಬಲ್ಬಿನ ಮೇಲೆ ಏನು ಬರೆದಿದೆ?

ಬಲ್ಬಿನ ಮೇಲೆ ಅಥವಾ ಅದರ ಪೆಟ್ಟಿಗೆಯ ಮೇಲೆ ಅಂಕಿ ಇರುತ್ತದೆ. ಅಂಕಿಯ ಪಕ್ಕ ಇಂಗ್ಲಿಷ್ ಅಕ್ಷರ ಇರುತ್ತದೆ. ಮೂರು ಅಕ್ಷರ ಗುರುತಿಸಿದರೆ ಸಾಕು.

ವಿ: ಎರಡು ಓರೆ ಗೆರೆ ಕೆಳಗೆ ಕೂಡಿರುತ್ತವೆ. ಮೇಲೆ ಬಾಯಿ ತೆರೆದಿರುತ್ತದೆ. ಇದು ವೋಲ್ಟ್. ವೋಲ್ಟ್ ಅಂದರೆ ಕರೆಂಟಿನ ಒತ್ತಡ. ನಲ್ಲಿಯಲ್ಲಿ ನೀರು ನುಗ್ಗುವ ಜೋರು ಇದ್ದ ಹಾಗೆ. ನಮ್ಮ ಮನೆಯ ಪ್ಲಗ್ಗಿನಲ್ಲಿ ಸುಮಾರು 230 ವೋಲ್ಟ್ ಇರುತ್ತದೆ.

ಡಬ್ಲ್ಯು: ಎರಡು 'ವಿ' ಅಕ್ಕಪಕ್ಕ ಅಂಟಿ ನಿಂತ ಹಾಗೆ ಕಾಣುತ್ತದೆ. ಇದು ವ್ಯಾಟ್. ಬಲ್ಬು ಎಷ್ಟು ಕರೆಂಟು ತಿನ್ನುತ್ತದೆ ಎಂದು ಇದು ಹೇಳುತ್ತದೆ. ಅಂಕಿ ಕಡಿಮೆ ಇದ್ದರೆ ಖರ್ಚು ಕಡಿಮೆ.

ಕೆ: ಇದು ಬೆಳಕಿನ ಬಣ್ಣ ಹೇಳುತ್ತದೆ. 2700 ಎಂದಿದ್ದರೆ ಎಣ್ಣೆ ದೀಪದಂಥ ಹಳದಿ ಬೆಳಕು. 6500 ಎಂದಿದ್ದರೆ ಹಾಲಿನಂಥ ಬಿಳಿ ಬೆಳಕು. ದೇವರ ದೀಪಕ್ಕೆ, ಮೇಣದಬತ್ತಿ ದೀಪಕ್ಕೆ 2700 ಒಪ್ಪುತ್ತದೆ. "ಎಲ್.ಇ.ಡಿ. ಹಾಕಿದರೆ ದೀಪದ ಕಳೆ ಹೋಗುತ್ತದೆ" ಎಂದು ಕೆಲವರು ಹೇಳುತ್ತಾರೆ. ಬಣ್ಣ ನೋಡದೆ ತಂದರೆ ಹಾಗಾಗುತ್ತದೆ.

ಲೆಕ್ಕ ಮಾಡೋಣ

1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 1 ಗಂಟೆ ಕಾದರೆ 1 ಯೂನಿಟ್ ಖರ್ಚು.

ಹಳೇ ಜೀರೋ ಬಲ್ಬು 15 ವ್ಯಾಟ್. ದಿನಕ್ಕೆ 12 ಗಂಟೆ ಉರಿದರೆ 15 × 12 = 180.
ತಿಂಗಳಿಗೆ 180 × 30 = 5400. ಅಂದರೆ 5.4 ಯೂನಿಟ್.

ಪುಟ್ಟ ಎಲ್.ಇ.ಡಿ. ಬಲ್ಬು ಅರ್ಧ ವ್ಯಾಟ್. ದಿನಕ್ಕೆ 12 ಗಂಟೆಗೆ 6.
ತಿಂಗಳಿಗೆ 6 × 30 = 180. ಅಂದರೆ 1 ಯೂನಿಟ್ಟಿನ ಕಾಲು ಭಾಗವೂ ಇಲ್ಲ.

ತಿಂಗಳಿಗೆ 5 ಯೂನಿಟ್ ಉಳಿಯಿತು. ವರ್ಷಕ್ಕೆ 60 ಯೂನಿಟ್‌ಗೂ ಹೆಚ್ಚು ಉಳಿಯಿತು.

"ನಮಗೆ ಗೃಹಜ್ಯೋತಿ ಇದೆ. ಕರೆಂಟು ಪುಕ್ಕಟೆ. ಉಳಿಸಿ ಏನು?" ಎಂದು ನೀವು ಕೇಳಬಹುದು. ಗೃಹಜ್ಯೋತಿ 2023ರಲ್ಲಿ ಬಂತು. ಅದಕ್ಕೂ ಒಂದು ಮಿತಿ ಇದೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ 60 ಯೂನಿಟ್ ಬಳಸಿತ್ತು ಎಂದುಕೊಳ್ಳಿ. ಅದಕ್ಕೆ ನೂರಕ್ಕೆ 10ರಂತೆ ಸೇರಿಸಿದರೆ 66. ಅಷ್ಟರವರೆಗೆ ಬಿಲ್ಲು ಇಲ್ಲ. 70 ಬಳಸಿದರೆ ಮೇಲಿನ 4 ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರಾ ಬಿಲ್ಲು ಕಟ್ಟಬೇಕು. ಈಗ ನೋಡಿ, 70ರಲ್ಲಿ 5 ಉಳಿಸಿದರೆ 65 ಆಯಿತು. ಬಿಲ್ಲು ಸೊನ್ನೆಗೆ ಬಂತು. ಒಂದು ಪುಟ್ಟ ಬಲ್ಬು ಇಷ್ಟು ಮಾಡುತ್ತದೆ.

ಬಲ್ಬು ಬದಲಿಸುವುದು ಹೇಗೆ?

1. ಸ್ವಿಚ್ ಆರಿಸಿ. ಪ್ಲಗ್ ಇದ್ದರೆ ಕಿತ್ತು ಪಕ್ಕಕ್ಕಿಡಿ. ಗೋಡೆಗೆ ಕೂರಿಸಿದ ಹೋಲ್ಡರ್ ಆದರೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ. ಹಗಲು ಹೊತ್ತಿನಲ್ಲಿ ಈ ಕೆಲಸ ಮಾಡಿ.

2. ಹತ್ತು ನಿಮಿಷ ಬಿಡಿ. ಬಲ್ಬು ತಣ್ಣಗಾಗಲಿ.

3. ಕೈ ಒಣಗಿರಲಿ. ಕಾಲಲ್ಲಿ ಒಣ ರಬ್ಬರ್ ಚಪ್ಪಲಿ ಇರಲಿ. ಅಭ್ಯಂಜನ ಮಾಡಿ ಒದ್ದೆ ಕೂದಲಲ್ಲಿ ಬಲ್ಬಿಗೆ ಕೈ ಹಾಕಬೇಡಿ. ಎತ್ತರವಿದ್ದರೆ ಮರದ ಸ್ಟೂಲ್ ಹಾಕಿಕೊಳ್ಳಿ. ಒಬ್ಬರು ಹಿಡಿದುಕೊಳ್ಳಲಿ.

4. ಬಲ್ಬಿನ ಬುಡ ನೋಡಿ. ಎರಡು ಪಿನ್ ಇದ್ದರೆ, ಒತ್ತಿ ತಿರುಗಿಸಿ ತೆಗೆಯಿರಿ. ತಿರುಪು ಇದ್ದರೆ, ಡಬ್ಬಿ ಮುಚ್ಚಳದ ಹಾಗೆ ತಿರುಗಿಸಿ ತೆಗೆಯಿರಿ. ಗಾಜು ಒಡೆದು ಬುಡ ಸಿಕ್ಕಿಕೊಂಡಿದ್ದರೆ ಮುಟ್ಟಬೇಡಿ. ಎಲೆಕ್ಟ್ರಿಷಿಯನ್ ಕರೆಯಿರಿ.

5. ಹಳೇ ಬಲ್ಬನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. "ಇದೇ ಬುಡ, 230 ವೋಲ್ಟ್, ಅರ್ಧ ವ್ಯಾಟ್, ಹಳದಿ ಬೆಳಕು. ಎಲ್.ಇ.ಡಿ. ಕೊಡಿ" ಎಂದು ಕೇಳಿ. ಪೆಟ್ಟಿಗೆ ಓದಿ ನೋಡಿ. ಬಿ.ಐ.ಎಸ್. ಗುರುತು ಇದೆಯೇ ಕೇಳಿ. ಬಿಲ್ಲು ತೆಗೆದುಕೊಳ್ಳಿ. ಬಲ್ಬು ಬೇಗ ಕೆಟ್ಟರೆ ಬದಲಾಯಿಸಿಕೊಳ್ಳಲು ಬಿಲ್ಲು ಬೇಕು.

6. ಹೊಸ ಬಲ್ಬು ಕೂರಿಸಿ. ಆಮೇಲೆ ಸ್ವಿಚ್ ಹಾಕಿ.

ಸ್ವಿಚ್ ಆರಿಸಿದ ಮೇಲೂ ಎಲ್.ಇ.ಡಿ. ಮಂಕಾಗಿ ಮಿನುಗುತ್ತಿದೆಯೇ? ಅಂದರೆ ಸ್ವಿಚ್ಚಿನ ವೈರು ಅದಲು ಬದಲಾಗಿರಬಹುದು. ಹಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಮುಟ್ಟಬೇಡಿ. ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸೀರಿಯಲ್ ಸೆಟ್ಟಿನ ಗುಟ್ಟು

ಗೊಂಬೆ ಮೆಟ್ಟಿಲಿಗೆ ಹಾಕುವ ಹಳೇ ಸೀರಿಯಲ್ ಸೆಟ್ಟು ಹೂವಿನ ಸರದ ಹಾಗೆ. ಒಂದೇ ದಾರದಲ್ಲಿ ಎಲ್ಲ ಬಲ್ಬು. ಒಂದು ಕೆಟ್ಟರೆ ಸರವೆಲ್ಲ ಆರುತ್ತದೆ.

40 ಬಲ್ಬು ಇವೆ ಎಂದುಕೊಳ್ಳಿ. 230 ವೋಲ್ಟನ್ನು 40 ಬಲ್ಬು ಹಂಚಿಕೊಳ್ಳುತ್ತವೆ. ಒಂದೊಂದಕ್ಕೆ ಸುಮಾರು 6 ವೋಲ್ಟ್ ಸಿಗುತ್ತದೆ. ಕೆಲವರು ಕೆಟ್ಟ ಬಲ್ಬು ಕಿತ್ತು, ಎರಡು ವೈರು ಹೊಸೆದು ಬಿಡುತ್ತಾರೆ. ಸರ ಮತ್ತೆ ಉರಿಯುತ್ತದೆ. ಆದರೆ ಹಂಚಿಕೊಳ್ಳುವವರು ಕಡಿಮೆಯಾದರು. ಉಳಿದ ಬಲ್ಬುಗಳ ಪಾಲು ಹೆಚ್ಚಾಯಿತು. ಅವು ಇನ್ನೂ ಕಾಯುತ್ತವೆ. ಬೇಗ ಬೇಗ ಕೆಡುತ್ತವೆ. ಮತ್ತೆ ಕಿತ್ತು ಹೊಸೆದರೆ ಇನ್ನೂ ಬಿಸಿ. ಮೆಟ್ಟಿಲ ಮೇಲೆ ಹಾಸಿದ ಬಟ್ಟೆ, ಗೊಂಬೆಯ ರೇಷ್ಮೆ, ಜರಿ ಕಾಗದ ಎಲ್ಲ ಪಕ್ಕದಲ್ಲೇ ಇರುತ್ತವೆ. ಹೊಸೆದ ಜಾಗದಲ್ಲಿ ವೈರು ಬರಿ ಮೈಯಲ್ಲಿರುತ್ತದೆ. ಮಗು ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಹಳೇ ಸರಕ್ಕೆ ನಡುನಡುವೆ ಎಲ್.ಇ.ಡಿ. ಸೇರಿಸಬಾರದು. ಎರಡೂ ಒಂದೇ ಸರದಲ್ಲಿ ಹೊಂದುವುದಿಲ್ಲ. ಹಳೇ ಸರ ಕೆಟ್ಟಿದ್ದರೆ ಹೊಸ ಎಲ್.ಇ.ಡಿ. ಸರವನ್ನೇ ತನ್ನಿ. ವೈರು ದಪ್ಪ ಇರುವುದನ್ನು ಆರಿಸಿ. ಮನೆಯ ಹೊರಗೆ ಹಾಕುವುದಾದರೆ ಮಳೆ ತಡೆಯುವ ಸರವನ್ನೇ ಕೇಳಿ.

ಒಂದು ಮಾತು ಮರೆಯಬೇಡಿ. ಎಲ್.ಇ.ಡಿ. ತಣ್ಣಗಿರುತ್ತದೆ. ತಣ್ಣಗಿದೆ ಎಂದರೆ ಶಾಕ್ ಹೊಡೆಯುವುದಿಲ್ಲ ಎಂದು ಅರ್ಥವಲ್ಲ. ಪ್ಲಗ್ಗಿಗೆ ಹಾಕುವ ಸರದ ವೈರಿನಲ್ಲಿ ಅದೇ 230 ವೋಲ್ಟ್ ಹರಿಯುತ್ತಿರುತ್ತದೆ. ಕಬ್ಬಿಣದ ಕಿಟಕಿ ಸರಳಿಗೆ ಸುತ್ತಬೇಡಿ. ಮೊಳೆ ಹೊಡೆದು ಕಟ್ಟಬೇಡಿ. ಮಲಗುವಾಗ, ಬಾಗಿಲು ಹಾಕಿಕೊಂಡು ಹೊರಗೆ ಹೋಗುವಾಗ ಆರಿಸಿ.

ಆಕಾಶಬುಟ್ಟಿ, ನಕ್ಷತ್ರ

ಇವು ಕಾಗದದವು. ಒಳಗೆ 40 ಅಥವಾ 60 ವ್ಯಾಟಿನ ಹಳೇ ಬಲ್ಬು ಹಾಕಿದರೆ ಕಾಗದ ಕಂದುತ್ತದೆ. ಗಾಳಿಗೆ ಬಲ್ಬು ತಾಕಿದರೆ ಬೆಂಕಿ ಹತ್ತಬಹುದು. 3 ಅಥವಾ 5 ವ್ಯಾಟಿನ ಎಲ್.ಇ.ಡಿ. ಹಾಕಿದರೆ ಬೇಕಾದಷ್ಟು ಬೆಳಕು ಬರುತ್ತದೆ. ಎಲ್.ಇ.ಡಿ. ಬಲ್ಬಿನ ಬುಡವೂ ಸ್ವಲ್ಪ ಬೆಚ್ಚಗಾಗುತ್ತದೆ. ಆದ್ದರಿಂದ ಬುಡಕ್ಕೆ ಕಾಗದ, ಬಟ್ಟೆ ಸುತ್ತಬೇಡಿ.

ಕಿಟಕಿಯ ಮೇಣದಬತ್ತಿ

ಸ್ವೀಡನ್ ಎಂಬ ದೇಶ ಇದೆ. ಅಲ್ಲಿ ಡಿಸೆಂಬರಿನಲ್ಲಿ ಹಗಲು ತುಂಬಾ ಚಿಕ್ಕದು. ಮಧ್ಯಾಹ್ನ ಕಳೆಯುತ್ತಲೇ ಕತ್ತಲಾಗುತ್ತದೆ. ಕ್ರಿಸ್‌ಮಸ್‌ಗೆ ಮುಂಚೆ ಅಲ್ಲಿಯವರು ಕಿಟಕಿಯಲ್ಲಿ ವಿದ್ಯುತ್ ಮೇಣದಬತ್ತಿ ಇಡುತ್ತಾರೆ. ಒಂದು ಮರದ ಪೀಠ, ಅದರ ಮೇಲೆ ಏಳು ಬತ್ತಿ. ದಾರಿಯಲ್ಲಿ ಹೋಗುವವರಿಗೆ ಅದರ ಬೆಳಕು ಕಾಣುತ್ತದೆ.

ಹೊರದೇಶದಲ್ಲಿ ಕೆಲಸ ಮಾಡುವ ಮಕ್ಕಳು ಇಂಥ ದೀಪ ಊರಿಗೆ ತರುವುದುಂಟು. ಸಂತ ಫಿಲೋಮಿನಾ ಚರ್ಚಿನ ಸುತ್ತಮುತ್ತ ಕ್ರಿಸ್‌ಮಸ್ ಮಾಡುವ ಮನೆಯೊಂದಕ್ಕೆ ಅದು ಬಂತು ಎಂದುಕೊಳ್ಳಿ. ಪ್ಲಗ್ಗಿಗೆ ಹಾಕುವ ಮುಂಚೆ ಓದಬೇಕು.

ಸ್ವೀಡನ್ನಿನ ಹಳೇ ದೀಪದಲ್ಲಿ ಒಂದೊಂದು ಬಲ್ಬಿನ ಮೇಲೆ 34 ವೋಲ್ಟ್, 3 ವ್ಯಾಟ್ ಎಂದು ಇರುತ್ತದೆ. ಏಳು ಬಲ್ಬಿಗೆ 34 × 7 = 238 ವೋಲ್ಟ್. ನಮ್ಮ ಪ್ಲಗ್ಗಿಗೆ ಹೊಂದುತ್ತದೆ. ಇದೂ ಸೀರಿಯಲ್ ಸೆಟ್ಟೇ. ಏಳು ಬಲ್ಬಿಗೆ 3 × 7 = 21 ವ್ಯಾಟ್ ಖರ್ಚು. ಇದಕ್ಕೆಂದೇ ಮಾಡಿದ ಎಲ್.ಇ.ಡಿ. ಬಲ್ಬು ಹಾಕಿದರೆ ಏಳೂ ಸೇರಿ 2 ವ್ಯಾಟ್ ಒಳಗೇ ಮುಗಿಯುತ್ತದೆ. ಆದರೆ ಏಳನ್ನೂ ಒಟ್ಟಿಗೆ ಬದಲಿಸಬೇಕು. ಎಲ್ಲವೂ ಒಂದೇ ಬಗೆಯದಾಗಿರಬೇಕು. ಈ ಬಲ್ಬು ಇಲ್ಲಿ ಸುಲಭವಾಗಿ ಸಿಗದು. ದೀಪ ತಂದವರಿಗೇ ಹೇಳಿ ಬಲ್ಬು ತರಿಸಬಹುದು. ಬುಡ ಹೊಂದುತ್ತದೆ ಎಂದು ಬೇರೆ ಯಾವುದೋ ಬಲ್ಬು ತಿರುಗಿಸಿ ಹಾಕಬೇಡಿ.

ಅಮೆರಿಕದಿಂದ ತಂದ ದೀಪವಾದರೆ 120 ವೋಲ್ಟ್ ಎಂದು ಬರೆದಿರಬಹುದು. ಅದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಹಾಕಲೇಬಾರದು. ಬಲ್ಬು ಸಿಡಿಯಬಹುದು, ವೈರು ಸುಡಬಹುದು.

ಗುಂಡಿ ಸೆಲ್ಲಿನ ಎಚ್ಚರ

ಈಗ ಬ್ಯಾಟರಿ ಹಾಕುವ ಎಲ್.ಇ.ಡಿ. ಹಣತೆ, ಮೇಣದಬತ್ತಿ ಬಂದಿವೆ. ವೈರು ಇಲ್ಲ, ಬೆಂಕಿ ಇಲ್ಲ. ಆದರೆ ಕೆಲವುದರ ಒಳಗೆ ಅಂಗಿ ಗುಂಡಿಯಂಥ ಸೆಲ್ ಇರುತ್ತದೆ. ಅದು ನಾಣ್ಯದ ಹಾಗೆ ಹೊಳೆಯುತ್ತದೆ. ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ನುಂಗಿದರೆ ಅದು ಗಂಟಲಿನ ಕೆಳಗೆ ಸಿಕ್ಕಿಕೊಂಡು ಒಳಗೆ ಸುಡುತ್ತದೆ. ಎರಡು ಗಂಟೆಯಲ್ಲೇ ದೊಡ್ಡ ಗಾಯ ಆಗಬಹುದು. ಪ್ರಾಣಕ್ಕೂ ಅಪಾಯ.

ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ. ವಾಂತಿ ಮಾಡಿಸಬೇಡಿ. ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಿ. ದೀಪ ಕೊಳ್ಳುವಾಗ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ.

ಶಾಕ್ ಹೊಡೆದರೆ

ಹಿಡಿದು ಎಳೆಯಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆರಿಸಲು ಆಗದಿದ್ದರೆ ಒಣ ಮರದ ಕೋಲಿನಿಂದ ವೈರು ಸರಿಸಿ. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದರೆ 112ಕ್ಕೆ ಮಾಡಿ. ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ. ಕಂಬದ ವೈರು, ಮೀಟರಿನ ತೊಂದರೆ ಇದ್ದರೆ 1912ಕ್ಕೆ ಹೇಳಿ.

ಹಳೇ ಬಲ್ಬು ಏನು ಮಾಡುವುದು?

ಹಸಿ ಕಸಕ್ಕೆ ಹಾಕಬೇಡಿ. ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಕಸದ ಗಾಡಿ ಬಂದಾಗ "ಇದರಲ್ಲಿ ಗಾಜು ಇದೆ" ಎಂದು ಹೇಳಿ ಕೊಡಿ. ಪೌರಕಾರ್ಮಿಕರಲ್ಲಿ ನಮ್ಮಂಥ ಹೆಂಗಸರು ಎಷ್ಟೋ ಜನ ಇದ್ದಾರೆ. ಅವರ ಕೈ ಕುಯ್ಯಬಾರದು.

ನೆನಪಿಡಿ

ಮೊದಲು ಓದಿ, ಆಮೇಲೆ ಕೊಳ್ಳಿ.
ಮೊದಲು ಆರಿಸಿ, ಆಮೇಲೆ ಮುಟ್ಟಿ.
ಬಲ್ಬು ಬದಲಿಸಿ, ವೈರಿಗೆ ಕೈ ಹಾಕಬೇಡಿ.

ಪದಗಳ ಅರ್ಥ

ವೋಲ್ಟ್ – ಕರೆಂಟಿನ ಒತ್ತಡ
ವ್ಯಾಟ್ – ಬಲ್ಬು ತಿನ್ನುವ ಕರೆಂಟಿನ ಅಳತೆ
ಯೂನಿಟ್ – ಬಿಲ್ಲಿನಲ್ಲಿ ಬರುವ ಲೆಕ್ಕ
ಹೋಲ್ಡರ್ – ಬಲ್ಬು ಕೂರುವ ಜಾಗ
ಸರಾಸರಿ – ಎಲ್ಲ ತಿಂಗಳದ್ದು ಕೂಡಿಸಿ ಸಮನಾಗಿ ಹಂಚಿದ್ದು

ಉತ್ತರ ಬರೆಯಿರಿ

1. ಮೈಸೂರಿಗೆ ವಿದ್ಯುತ್ತು ಯಾವ ವರ್ಷ ಬಂತು?
2. ಜೀರೋ ಬಲ್ಬು ನಿಜವಾಗಿ ಎಷ್ಟು ವ್ಯಾಟ್ ತಿನ್ನುತ್ತದೆ?
3. ಕೆಟ್ಟ ಬಲ್ಬು ಕಿತ್ತು ವೈರು ಹೊಸೆದರೆ ಏನಾಗುತ್ತದೆ?
4. ಮಗು ಗುಂಡಿ ಸೆಲ್ ನುಂಗಿದರೆ ಏನು ಮಾಡಬೇಕು?

ಮನೆಯಲ್ಲಿ ಮಾಡಿ

ನಿಮ್ಮ ಮನೆಯ ಎಲ್ಲ ಬಲ್ಬುಗಳ ಪಟ್ಟಿ ಬರೆಯಿರಿ. ಒಂದೊಂದರ ಎದುರು ವ್ಯಾಟ್ ಬರೆಯಿರಿ. ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂದೂ ಬರೆಯಿರಿ. ಈ ತಿಂಗಳ ಬಿಲ್ಲು ಬಂದಾಗ ಯೂನಿಟ್ ಓದಿ. ಮುಂದಿನ ತಿಂಗಳ ಬಿಲ್ಲಿನ ಜೊತೆ ಹೋಲಿಸಿ. ಪಕ್ಕದ ಮನೆಯವರಿಗೂ ಓದಿ ತೋರಿಸಿ.